ಸೊಪ್ಪಿನ ಬೆಟ್ಟದ ಲೆಕ್ಕ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳೆಯ ಅಡಿಕೆ ತೋಟಗಳು ಬಹುಪಾಲು ಕಣಿವೆಯ ತಳದಲ್ಲಿವೆ. ಎರಡು ಗುಡ್ಡಗಳ ಸಂದಿಯಲ್ಲಿ ಹಳ್ಳ, ಹಳ್ಳದ ಅಕ್ಕಪಕ್ಕ ತೋಟ, ತೋಟದ ಅಂಚಿಗೆ ಮನೆ, ಮನೆಗೆ ತಾಗಿದಂತೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದಿನಿಂದಲೇ ಏರುವ ಕಾಡುಗುಡ್ಡ. ಊರವರು ಅದನ್ನು ‘ಬೆಟ್ಟ’ ಎಂದಷ್ಟೇ ಕರೆಯುತ್ತಾರೆ. ಸರ್ಕಾರಿ ಕಾಗದದಲ್ಲಿ ಅದು ‘ಸೊಪ್ಪಿನ ಬೆಟ್ಟ’.

ಈ ಬೆಟ್ಟವಿಲ್ಲದೆ ಆ ತೋಟವಿರಲಿಲ್ಲ. ಮಳೆಗಾಲದಲ್ಲಿ ಬೆಟ್ಟದ ಮತ್ತಿ, ಹೊನ್ನೆ, ನಂದಿ, ನೇರಳೆಗಳ ಹಸಿ ಸೊಪ್ಪು ಕಡಿದು ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಮಳೆ ಹೋದ ಮೇಲೆ ಒಣಗಿದ ಹುಲ್ಲು, ಅಂದರೆ ಕರಡ, ಕೊಯ್ದು ತರುತ್ತಿದ್ದರು. ಬೇಸಿಗೆಯಲ್ಲಿ ಉದುರಿದ ತರಗೆಲೆ ಗುಡಿಸಿ ಹೊತ್ತು ತರುತ್ತಿದ್ದರು. ದನಗಳು ತುಳಿದು, ಸಗಣಿ ಗಂಜಲ ಕೂಡಿದ ಆ ಹಾಸು ಗೊಬ್ಬರದ ಗುಂಡಿ ಸೇರಿ, ಕಳಿತು, ಅಡಿಕೆ ಮರದ ಬುಡಕ್ಕೆ ಬೀಳುತ್ತಿತ್ತು. ಮಳೆಗಾಲದ ಹೊಡೆತಕ್ಕೆ ತೋಟದ ಮಣ್ಣಿನ ಸತ್ವ ತೊಳೆದುಹೋಗುವ ಸೀಮೆ ಅದು. ಹೋದದ್ದನ್ನು ವರ್ಷವರ್ಷವೂ ಬೆಟ್ಟವೇ ತುಂಬಿಕೊಡಬೇಕಿತ್ತು. ಹಳ್ಳಕ್ಕೆ ಬೇಸಿಗೆಯಲ್ಲೂ ನೀರು ಒಸರುತ್ತಿದ್ದುದು ಅದೇ ಬೆಟ್ಟದ ಬೇರುಗಳ ನಡುವಿನಿಂದ.

ಒಂದು ಎಕರೆ ತೋಟಕ್ಕೆ ಎಷ್ಟು ಬೆಟ್ಟ ಬೇಕು? ಬ್ರಿಟಿಷರ ಕಾಲದಲ್ಲಿ ಕಂದಾಯ ಮತ್ತು ಅರಣ್ಯದ ಅಧಿಕಾರಿಗಳು ತೋಟಿಗರೊಂದಿಗೆ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಸಿದ್ದು ಈ ಪ್ರಶ್ನೆಯ ಸುತ್ತ. ಕೊನೆಗೆ ಉತ್ತರ ಕನ್ನಡದಲ್ಲಿ ನಿಂತ ಪ್ರಮಾಣ, ಎಕರೆಗೆ 9 ಎಕರೆಯವರೆಗೆ. ಒಂದು ಪಾಲು ಫಸಲು ನಿಲ್ಲಬೇಕಾದರೆ ಒಂಬತ್ತು ಪಾಲು ಕಾಡು ಅದರ ಬೆನ್ನಿಗಿರಬೇಕು ಎಂಬ ತಿಳಿವಳಿಕೆ ಇಲ್ಲಿ ಕಂದಾಯದ ಕಡತದಲ್ಲೇ ದಾಖಲಾಗಿದೆ. ಕೈಗಾರಿಕಾ ನಾಗರಿಕತೆಗೆ ಪರ್ಯಾಯವಾದ ಪರಿಸರ ಚಿಂತನೆ ಎಂದಾಗ ಮಾತು ಸಾಮಾನ್ಯವಾಗಿ ಯುರೋಪು, ಅಮೆರಿಕಗಳ ಪುಸ್ತಕಗಳತ್ತ ಹೊರಳುತ್ತದೆ. ಆದರೆ ಕರ್ನಾಟಕದ ಈ ಒಂದು ಜಿಲ್ಲೆಯಲ್ಲಿ ಕಾಡಿನ ಎರಡು ಲೆಕ್ಕಗಳು ನೂರೈವತ್ತು ವರ್ಷ ಮುಖಾಮುಖಿ ನಿಂತಿವೆ. ಕಾಡನ್ನು ತೋಟದ, ಹಳ್ಳದ, ಕೊಟ್ಟಿಗೆಯ ಅಂಗವಾಗಿ ಕಂಡದ್ದು ಒಂದು. ಅದನ್ನು ಟನ್ನು, ಘನ ಅಡಿ, ಮೆಗಾವಾಟ್‌ಗಳಾಗಿ ಕಂಡದ್ದು ಇನ್ನೊಂದು.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸುತ್ತಾಡಿದ. ಟಿಪ್ಪು ಸುಲ್ತಾನ್ ಸತ್ತು ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಇಲ್ಲಿನ ಕಾಡುಗಳು ಆಯಾ ಊರಿನ ದೇವರಿಗೆ ಸೇರಿದವು, ಊರಿನ ಗೌಡನೇ ಆ ದೇವರ ಪೂಜಾರಿಯೂ ಆಗಿರುತ್ತಾನೆ, ಅವನ ಮೂಲಕ ದೇವರನ್ನು ಕೇಳದೆ ಯಾರೂ ಮರ ಕಡಿಯಬಾರದು ಎಂಬ ಕಟ್ಟಳೆಯಿದೆ ಎಂದು ಆತ ಬರೆದುಕೊಂಡ. ಅನುಮತಿಗೆ ದೇವರು ಕಾಸು ಪಡೆಯುವುದಿಲ್ಲ, ಆದರೆ ಕೇಳದೆ ಕಡಿದವನಿಗೆ ಕೇಡು ತಪ್ಪದು ಎಂದು ಜನ ನಂಬಿದ್ದರು. ಇದೆಲ್ಲ ಸರ್ಕಾರ ತನ್ನ ಸ್ವತ್ತಿಗೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯ ಎಂದು ಬುಕಾನನ್‌ಗೆ ಅನ್ನಿಸಿತು. ಕಾಡಿಗೆ ಒಡೆಯನಿರಬೇಕು, ಆ ಒಡೆಯ ಸರ್ಕಾರವೇ ಆಗಿರಬೇಕು ಎಂಬ ಎಣಿಕೆಯಿಂದ ಬಂದವನಿಗೆ, ಊರೆಲ್ಲ ಸೇರಿ ಕಾಯುವ ಕಾಡು ಅರ್ಥವಾಗಲಿಲ್ಲ.

ಆ ಕಾಡುಗಳಲ್ಲಿ ವಿಶೇಷವಾದವು ‘ಕಾನು’ಗಳು. ಸಿದ್ದಾಪುರ, ಶಿರಸಿ ಮತ್ತು ಪಕ್ಕದ ಸೊರಬ, ಸಾಗರಗಳಲ್ಲಿ ವರ್ಷವಿಡೀ ಹಸಿರಾಗಿರುವ, ಕತ್ತಲೆ ಕವಿದ, ಊರವರು ಬೆಂಕಿಯನ್ನೂ ಕೊಡಲಿಯನ್ನೂ ದೂರವಿಟ್ಟ ಕಾಡಿನ ತುಂಡುಗಳಿವು. ಕಾನಿನೊಳಗೆ ಕಾಳುಮೆಣಸಿನ ಬಳ್ಳಿ ಮರಕ್ಕೆ ಹಬ್ಬುತ್ತಿತ್ತು, ಬೈನೆ ಮರದಿಂದ ಶೇಂದಿ ಇಳಿಯುತ್ತಿತ್ತು, ಒಳಗಿನ ಒರತೆ ಕೆಳಗಿನ ಗದ್ದೆಗೆ ಹರಿಯುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಈ ಸೀಮೆಯ ಮೆಣಸಿನ ವ್ಯಾಪಾರದ ದೆಸೆಯಿಂದ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಗುರುತಿಸಿದರು. ಒಟ್ಟು ವಿಸ್ತೀರ್ಣ ಸುಮಾರು 13,000 ಹೆಕ್ಟೇರ್. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇಂದಿಗೂ ರಾಮಪತ್ರೆ ಜಡ್ಡಿಗಳಿವೆ: ನಿಂತ ನೀರಿನಲ್ಲಿ ಬೇರುಗಳನ್ನು ಮೇಲಕ್ಕೆತ್ತಿ ಉಸಿರಾಡುವ ಪುರಾತನ ಮರಗಳ ಜೌಗು. ಲೋಕಕ್ಕೆ ಹೊಸದೆನ್ನುವಂಥ ಒಂದು ಮರಜಾತಿ 2000ದಲ್ಲಿ ಅಲ್ಲಿ ಗುರುತಾಗಿ, ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಸೇರಿಕೊಂಡಿತು. ಊರ ದೇವರ ಹೆಸರಿನಲ್ಲಿ ಉಳಿದದ್ದು ಏನೆಂದು ವಿಜ್ಞಾನಕ್ಕೆ ತಿಳಿಯಲು ಅಷ್ಟು ಕಾಲ ಬೇಕಾಯಿತು.

1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂತು. ಕಾಳಿ ನದಿಯ ದಂಡೆಯ ಸಾಗುವಾನಿ ಸರ್ಕಾರದ ಖಜಾನೆಗೆ ಬೇಕಾಗಿತ್ತು. ಕಾಡಿಗೆ ಗಡಿಕಲ್ಲು ಬಿದ್ದವು, ಗಾರ್ಡುಗಳು ಬಂದರು, ದನ ಮೇಯಿಸುವುದಕ್ಕೂ ಪರವಾನಗಿ ಬೇಕಾಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಕುಮರಿ ಬೇಸಾಯದವರು. ಗುಡ್ಡದ ಒಂದು ತುಂಡನ್ನು ಸವರಿ, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದ ಕುಣಬಿಗಳಂಥ ಸಮುದಾಯಗಳ ಬದುಕು ಅದು. ಸಾಗುವಾನಿ ಸುಡುತ್ತಾರೆಂದು ಅದನ್ನು ಹಂತಹಂತವಾಗಿ ನಿರ್ಬಂಧಿಸಲಾಯಿತು. ಸ್ವಂತ ಬೇಸಾಯ ಕಳೆದುಕೊಂಡವರಿಗೆ ಇಲಾಖೆಯ ಕೂಲಿಯೇ ಗತಿಯಾಯಿತು.

ತೋಟದ ಒಡೆಯರಾದ ಹವ್ಯಕರಿಗೆ ಬೆಟ್ಟದ ಸೌಲಭ್ಯ ಸಿಕ್ಕಿತು. ಅವರು ಓದುಬರಹ ಬಲ್ಲವರು, ಅರ್ಜಿ ಬರೆಯಬಲ್ಲವರು, ಅವರ ಅಡಿಕೆಯಿಂದ ಸರ್ಕಾರಕ್ಕೆ ಕಂದಾಯವೂ ಬರುತ್ತಿತ್ತು. ಕುಣಬಿಗಳಿಗೆ, ಸಿದ್ದಿಗಳಿಗೆ, ಕರಾವಳಿಯ ಹಾಲಕ್ಕಿ ಒಕ್ಕಲಿಗರಿಗೆ ಅಂಥ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಸೊಪ್ಪಿನ ಬೆಟ್ಟದ ಚರಿತ್ರೆಯನ್ನು ಹೇಳುವಾಗ ಈ ಅಸಮತೆಯನ್ನೂ ಹೇಳಲೇಬೇಕು. ಬೆಟ್ಟವನ್ನು ಜೋಪಾನ ಮಾಡಿದ ಮನೆಗಳಿದ್ದಂತೆ, ಸೊಪ್ಪು ಕಡಿದು ಕಡಿದು ಬೋಳು ಮಾಡಿದ ಮನೆಗಳೂ ಇದ್ದವು. ಸೊಪ್ಪಿನ ಹೊರೆ ಹೊತ್ತು ಇಳಿಸಿದ ತಲೆಗಳು ಬಹಳ ಸಲ ತೋಟದ ಒಡೆಯರವಲ್ಲ, ಕೂಲಿಯವರವು.

ಘಟ್ಟದ ಕೆಳಗೆ ಇನ್ನೊಂದು ಪ್ರಯೋಗ ನಡೆಯಿತು. ಕರಾವಳಿಯಲ್ಲಿ ಅರಣ್ಯ ಇಲಾಖೆಯ ಬಿಗಿಗೆ ಜನ ಬೇಸತ್ತಿದ್ದರು. 1922ರಲ್ಲಿ ಕಾಲಿನ್ಸ್ ಎಂಬ ಅಧಿಕಾರಿ, ಊರಿನ ಬಳಕೆಯ ಕಾಡನ್ನು ಊರಿಗೇ ಒಪ್ಪಿಸುವುದು ಲೇಸು ಎಂಬ ದಿಕ್ಕಿನಲ್ಲಿ ವರದಿ ಕೊಟ್ಟ. ಅದರ ಫಲವಾಗಿ ಕುಮಟಾ ಸೀಮೆಯ ಹಳಕಾರ, ಚಿತ್ರಗಿ, ಮೂರೂರು-ಕಲ್ಲಬ್ಬೆಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಊರವರೇ ಕಮಿಟಿ ಮಾಡಿದರು, ಕಾವಲುಗಾರನನ್ನು ಇಟ್ಟರು, ಯಾವಾಗ ಎಷ್ಟು ಸೌದೆ, ಎಷ್ಟು ತರಗೆಲೆ ಎಂದು ಕಟ್ಟು ಮಾಡಿಕೊಂಡರು. ಪಟ್ಟಣದ ಅಂಚಿನಲ್ಲಿ, ಸೌದೆಗೆ ಎಷ್ಟೆಲ್ಲ ಬೇಡಿಕೆಯಿದ್ದ ಜಾಗದಲ್ಲಿ, ಹಳಕಾರದ ಕಾಡು ಉಳಿದು ಬೆಳೆಯಿತು.

ಇದೇ ಸುಮಾರಿಗೆ ಘಟ್ಟದ ಮೇಲೆ ಶಿರಸಿಯ ತೋಟಿಗರು 1923ರಲ್ಲಿ ಸಹಕಾರಿ ಮಾರಾಟ ಸಂಘ ಕಟ್ಟಿದರು. ಅಡಿಕೆಗೆ ಸರಿಯಾದ ದರ ಸಿಗಲಿ ಎಂದು ಕಟ್ಟಿದ ಸಂಘ ಅದು. ಆರು ದಶಕಗಳ ಬಳಿಕ ಅದು ಒಂದು ನದಿಯ ಪರವಾಗಿ ನಿಲ್ಲುತ್ತದೆಂದು ಕಟ್ಟಿದವರು ನೆನೆಸಿರಲಿಕ್ಕಿಲ್ಲ. 1930ರ ಕಾನೂನುಭಂಗದ ಹೊತ್ತಿಗೆ ಕಾಡಿನ ಹಕ್ಕಿನ ಪ್ರಶ್ನೆ ಸ್ವಾತಂತ್ರ್ಯ ಹೋರಾಟದೊಳಗೇ ಬೆರೆಯಿತು. ಅಂಕೋಲೆಯಲ್ಲಿ ಉಪ್ಪು ಎತ್ತಿದ ಜಿಲ್ಲೆಯೇ ಶಿರಸಿ, ಸಿದ್ದಾಪುರಗಳಲ್ಲಿ ಜಂಗಲ್ ಸತ್ಯಾಗ್ರಹ ನಡೆಸಿತು.

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕದ ಭಾಷೆ ಬದಲಾಯಿತು, ಲೆಕ್ಕ ಬದಲಾಗಲಿಲ್ಲ. 1952ರ ರಾಷ್ಟ್ರೀಯ ಅರಣ್ಯ ನೀತಿ ರಾಷ್ಟ್ರದ ಅಗತ್ಯಗಳನ್ನು ಊರಿನ ಅಗತ್ಯಗಳಿಗಿಂತ ಮೇಲಿಟ್ಟಿತು. ಜಿಲ್ಲೆಯ ತುಂಬ ಕಾಡಿದ್ದುದೇ ಹಿಂದುಳಿದಿರುವಿಕೆಯ ಗುರುತಾಯಿತು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಪ್ಲೈವುಡ್ ಕಾರ್ಖಾನೆಯೂ ಇತ್ತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು, ಕಾಡಿನ ನಡುವೆ ಒಂದು ಪಟ್ಟಣ ಎದ್ದಿತು. ಆದರೆ ಆ ಕಾಗದಕ್ಕೆ ಬೇಕಾದ ಬಿದಿರು ಯಾವ ಬೆಲೆಗೆ ಸಿಕ್ಕಿತು ಎಂಬುದನ್ನು ನೋಡಬೇಕು: 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಟ್ಟು ಬಿದಿರು ಕೊಳ್ಳಬೇಕಿತ್ತು.

ಬಿದಿರು ಕರಗಿತು. 1970ರ ದಶಕದಲ್ಲಿ ಬುಟ್ಟಿ ಹೆಣೆಯುವವರ ದೂರು ರಾಜ್ಯ ಸರ್ಕಾರದವರೆಗೆ ಮುಟ್ಟಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನದ ಕೆಲಸ ಬಂತು. ಎಸ್. ಎನ್. ಪ್ರಸಾದ್ ಜೊತೆಗೂಡಿ ಅವರು ಕಾಡು ಸುತ್ತಿದರು. ದನ ಮೇಯಿಸಿ, ಕಳಲೆ ಕಿತ್ತು ಊರವರೇ ಬಿದಿರು ಹಾಳುಮಾಡಿದ್ದಾರೆ ಎಂಬುದು ಆಗ ಚಾಲ್ತಿಯಲ್ಲಿದ್ದ ಮಾತು. ಬಿದಿರಿನ ಮೆಳೆಯ ಹತ್ತಿರ ಹೋಗಿ ನೋಡಿದಾಗ ಕಂಡದ್ದು ಬೇರೆ. ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಒಂದು ಬೇಲಿ ಏಳುತ್ತದೆ. ಮಳೆಗಾಲದಲ್ಲಿ ಮೂಡುವ ಎಳೆಯ ಕಳಲೆ ಆ ಬೇಲಿಯ ಮರೆಯಲ್ಲೇ ದನಕ್ಕೆ, ಮುಳ್ಳುಹಂದಿಗೆ, ಮುಸುವಕ್ಕೆ ಸಿಗದೆ ಎತ್ತರಕ್ಕೆ ಬೆಳೆಯುತ್ತದೆ. ಮೆಳೆ ಒತ್ತಾಗಬಾರದು, ಚೊಕ್ಕಟವಾಗಿರಬೇಕು, ಕಡಿಯುವುದಕ್ಕೂ ಸಲೀಸಾಗಬೇಕು ಎಂದು ಕಾರ್ಖಾನೆಯ ಕೂಲಿಗಳು ಮುಳ್ಳನ್ನೆಲ್ಲ ಸವರಿಬಿಡುತ್ತಿದ್ದರು. ಕಾಪಿಲ್ಲದ ಕಳಲೆ ಮೇವಾಯಿತು, ಮೆಳೆ ಸೊರಗಿತು. ಮುಳ್ಳು ತೆಗೆಯಬಾರದೆಂದು ಊರವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಕಾರ್ಖಾನೆ ಕಟ್ಟುವಾಗ ಹಾಕಿದ್ದ ಬಿದಿರಿನ ಅಂದಾಜು ಕೂಡ ಕಾಡಿನಲ್ಲಿ ಇದ್ದುದಕ್ಕಿಂತ ಬಹಳ ಹೆಚ್ಚಿತ್ತೆಂದು ಅಧ್ಯಯನ ತೋರಿಸಿತು. ಹತ್ತಿರದ ಬಿದಿರು ಸಾಲದಾದಾಗ ಕಚ್ಚಾ ಮಾಲಿಗಾಗಿ ಹೊರ ರಾಜ್ಯಗಳ ಕಾಡಿಗೆ ಕೈ ಚಾಚಬೇಕಾಯಿತು.

ಮೆಳೆಯ ಮುಳ್ಳಿನ ಈ ಕತೆಯಲ್ಲಿ ಎರಡು ಲೆಕ್ಕಗಳ ವ್ಯತ್ಯಾಸ ಪೂರ್ತಿ ಕಾಣುತ್ತದೆ. ಕಾರ್ಖಾನೆಗೆ ಮುಳ್ಳು ಕಸ. ಮೇದಾರನಿಗೆ ಅದು ಮುಂದಿನ ವರ್ಷದ ಬಿದಿರು.

ಕಾಡಿನ ಜೊತೆ ನದಿಗಳೂ ಲೆಕ್ಕಕ್ಕೆ ಬಂದವು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಿತು. ಕಾಳಿ ನದಿಗೆ ಸೂಪಾದಲ್ಲಿ ನೂರು ಮೀಟರಿಗೂ ಎತ್ತರದ ಅಣೆಕಟ್ಟು ಬಂದಾಗ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಸುತ್ತಲ ಹಳ್ಳಿಗಳೊಂದಿಗೆ ನೀರಿನಡಿ ಸೇರಿತು. ಅಲ್ಲಿನ ಜನ ರಾಮನಗರದ ಪುನರ್ವಸತಿ ಕಾಲೊನಿಗೆ ಹೋದರು. ಮುಂದಿನ ಸರದಿ ಬೇಡ್ತಿಯದಾಗಿತ್ತು. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುವ ನದಿ ಅದು. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯಲ್ಲಿ ಕಣಿವೆಯ ತೋಟಗಳೂ ಅವುಗಳ ಬೆಟ್ಟಗಳೂ ಮುಳುಗುವುದಿತ್ತು.

ತೋಟಿಗರು ಆಗ ಹಿಡಿದ ದಾರಿ ದೇಶದ ಪರಿಸರ ಚರಿತ್ರೆಯಲ್ಲಿ ನೆನಪಿಡುವಂಥದ್ದು. ಶಿರಸಿಯ ಅದೇ ಅಡಿಕೆ ಮಾರಾಟ ಸಂಘದ ಬೆಂಬಲದಿಂದ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಸಿ ವಿಚಾರ ಸಂಕಿರಣ ನಡೆಸಿದರು. ಅಲ್ಲಿನ ಪ್ರಬಂಧಗಳು 1981ರಲ್ಲಿ ಪುಸ್ತಕವಾಗಿ ಬಂದವು. ಯೋಜನೆಯ ಖರ್ಚು-ಲಾಭದ ಪಟ್ಟಿಯನ್ನು ಬಿಡಿಸಿ ಇಟ್ಟು ಒಂದೊಂದೇ ಸಾಲು ಕೇಳಿದರು. ಮುಳುಗುವ ಕಾಡಿಗೆ ಎಷ್ಟು ಬೆಲೆ ಹಾಕಿದ್ದೀರಿ? ಮೆಣಸು, ಏಲಕ್ಕಿ, ಅಡಿಕೆಯ ಫಸಲು ಪ್ರತಿ ವರ್ಷ ಬರುವಂಥದ್ದಲ್ಲವೇ? ಸೌದೆ, ಮೇವು, ಸೊಪ್ಪು ಯಾವ ಸಾಲಿನಲ್ಲಿದೆ? ಬೀದಿ ಹೋರಾಟದ ಜೊತೆಗೆ ಲೆಕ್ಕಪತ್ರದ ಹೋರಾಟ. ತಲೆಮಾರುಗಳಿಂದ ಎಕರೆಗೆ ಒಂಬತ್ತು ಎಕರೆಯ ಲೆಕ್ಕ ಹಾಕಿದವರಿಗೆ ಈ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಲು ಕಷ್ಟವಾಗಲಿಲ್ಲ. ಬೇಡ್ತಿ ಯೋಜನೆ ಕಡತ ಸೇರಿತು.

ಬೇಡ್ತಿಯ ಹೋರಾಟಕ್ಕೆ ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಬಂದುಹೋಗಿದ್ದರು. ಅಷ್ಟರಲ್ಲಿ ಶಿರಸಿ ಸುತ್ತಲಿನ ಊರುಗಳಲ್ಲಿ ಇನ್ನೊಂದು ಸಂಕಟ ಬೆಳೆದಿತ್ತು. ಸಹಜ ಕಾಡನ್ನು ಬೋಳಿಸಿ ಸಾಗುವಾನಿ, ನೀಲಗಿರಿ ನೆಡುತೋಪು ಮಾಡುವ ಕೆಲಸ ವರ್ಷಗಳಿಂದ ನಡೆದಿತ್ತು. ಮಳೆ ಹೆಚ್ಚಿರುವ ಘಟ್ಟದಲ್ಲಿ ನೀಲಗಿರಿಗೆ ಗುಲಾಬಿ ರೋಗ ಹತ್ತಿ ತೋಪುಗಳೂ ಕೈಗೆ ಹತ್ತಲಿಲ್ಲ. ಆಯ್ದ ಮರವನ್ನಷ್ಟೇ ಕಡಿಯುತ್ತೇವೆ ಎಂದ ಕಡೆಯೂ ಗುತ್ತಿಗೆದಾರರ ಗರಗಸಕ್ಕೆ ಗುರುತಿನ ಮರ ಉರುಳುವಾಗ ಸುತ್ತಲ ಮರಗಳೂ ಮುರಿದು ಬೀಳುತ್ತಿದ್ದವು. ಹಳ್ಳಗಳು ಬೇಸಿಗೆಗೆ ಮೊದಲೇ ಬತ್ತತೊಡಗಿದವು.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಮಳೆ ಸುರಿಯುವ ಕಾಲ, ಉಂಬಳದ ಕಾಟ. ಆದರೂ ಸರದಿಯ ಮೇಲೆ ಜನ ಕಾಡಿಗೆ ಹೋದರು. 38 ದಿನಗಳ ಬಳಿಕ ಕಡಿತ ನಿಂತಿತು. ಚಳವಳಿಗೆ ‘ಅಪ್ಪಿಕೋ’ ಎಂದು ಹೆಸರಾಯಿತು. ಪಾಂಡುರಂಗ ಹೆಗಡೆ ಮತ್ತು ಗೆಳೆಯರು ಅದನ್ನು ಊರಿಂದೂರಿಗೆ ಒಯ್ದರು. ಪಾದಯಾತ್ರೆ, ಯಕ್ಷಗಾನ, ಹಾಡು ಎಲ್ಲವೂ ಅದಕ್ಕೆ ಒದಗಿದವು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತು ಅದರ ಘೋಷಣೆ. ಮೂರನೆಯ ಮಾತನ್ನು ಗಮನಿಸಬೇಕು. ಕಾಡಿಗೆ ಬೇಲಿ ಹಾಕಿ ಮನುಷ್ಯರನ್ನು ಹೊರಗಿಡಿ ಎಂದು ಚಳವಳಿ ಕೇಳಲಿಲ್ಲ. ಬಳಸಬೇಕು, ಆದರೆ ಮತ್ತೆ ಚಿಗುರುವಷ್ಟು ಬಿಟ್ಟು ಬಳಸಬೇಕು ಎಂದಿತು. ಸೊಪ್ಪು ಕಡಿಯುವಾಗ ತುದಿಯ ಕೊಂಬೆ ಬಿಡುತ್ತಿದ್ದವರ ಮಾತು ಅದು.

ದೆಹಲಿಯ ಕಾಗದದಲ್ಲೂ ಲೆಕ್ಕ ಬದಲಾಗತೊಡಗಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನ ಮೊದಲ ಕೆಲಸ ಪರಿಸರದ ಸಮತೋಲನ, ನೇರ ಆದಾಯ ಅದರ ನಂತರ ಎಂದಿತು. ಕಾರ್ಖಾನೆಗಳು ತಮ್ಮ ಕಚ್ಚಾ ಮಾಲನ್ನು ಆದಷ್ಟೂ ರೈತರ ಜಮೀನಿನಲ್ಲಿ ಬೆಳೆಸಿಕೊಳ್ಳಲಿ ಎಂದಿತು. ಅದೇ ಹೊತ್ತಿಗೆ ಕಾಳಿ ದಂಡೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರದ ಕೆಲಸ ನಡೆದಿತ್ತು. ಹೊನ್ನಾವರದ ಸ್ನೇಹಕುಂಜದ ವೈದ್ಯೆ ಕುಸುಮಾ ಸೊರಬ ವಿರೋಧದ ಮುಂಚೂಣಿಯಲ್ಲಿದ್ದರು. 1989ರ ಲೋಕಸಭೆ ಚುನಾವಣೆಯಲ್ಲಿ 87 ವರ್ಷದ ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಈ ಕ್ಷೇತ್ರದಿಂದ ಸ್ಪರ್ಧಿಸಿದರು. ಅವರು ಸೋತರು, ಸ್ಥಾವರ ನಿಂತಿತು. 1994ರ ಮೇ ತಿಂಗಳಲ್ಲಿ, ನಿರ್ಮಾಣದ ಹಂತದಲ್ಲೇ, ಒಂದು ಘಟಕದ ಗುಮ್ಮಟದ ಒಳಭಾಗ ಕುಸಿದುಬಿತ್ತು. ಅದನ್ನು ಮತ್ತೆ ಕಟ್ಟಿ, ಶತಮಾನ ಮುಗಿಯುವ ಹೊತ್ತಿಗೆ ವಿದ್ಯುತ್ ತಯಾರಿಸತೊಡಗಿದರು.

ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿ ಈ ಎಲ್ಲದರ ನಡುವೆ ಉಳಿದುಕೊಂಡ ಹೊಳೆ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೂ ಯೋಜನೆಗಳು ಬಂದಿದ್ದವು, ಜನ ಅವನ್ನೂ ಎದುರಿಸಿದರು. ಅದರ ಅಳಿವೆಯ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟೆಯಂಥ ಊರುಗಳಲ್ಲಿ, ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಗೊಬ್ಬರ ಉಬ್ಬರದ ನೀರೇ ತರುತ್ತದೆ. ಈ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳೂ ಬಹಳ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಸೊಪ್ಪಿನ ಬೆಟ್ಟಗಳ ಇಂದಿನ ಸ್ಥಿತಿ ಊರಿಂದೂರಿಗೆ ಬೇರೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು, ಸೊಪ್ಪು ಹೊರುವ ಆಳುಗಳಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಗೊಬ್ಬರ ಲಾರಿಯಲ್ಲಿ, ಚೀಲದಲ್ಲಿ ಬರುತ್ತದೆ. ಅಡಿಕೆಗೆ ದರ ಬಂದ ವರ್ಷಗಳಲ್ಲಿ ತೋಟ ಕಣಿವೆಯಿಂದ ಮೇಲೆ ಹತ್ತಿ, ಗದ್ದೆಯನ್ನೂ ಬೆಟ್ಟದ ಬುಡವನ್ನೂ ಆವರಿಸುತ್ತಿದೆ. ಅಲ್ಲಿಗೆ ನೀರು ಕೊಳವೆಬಾವಿಯದು. ಇನ್ನು ಕೆಲವು ಮನೆಗಳು ಬೆಟ್ಟವನ್ನು ಕಡಿಯದೆ ಬಿಟ್ಟು, ಇಂಗುಗುಂಡಿ ತೆಗೆದು, ವಾಟೆ, ಉಪ್ಪಾಗೆ, ಮುರುಗಲು ಗಿಡಗಳನ್ನು ನೆಟ್ಟು ಮತ್ತೆ ಕಾಡು ಮಾಡಿಕೊಂಡಿವೆ. ಬೇಡ್ತಿಯ ಹೆಸರು ಮತ್ತೆ ಕಡತದಿಂದ ಮೇಲೆದ್ದಿದೆ, ಈ ಸಲ ವರದಾ ನದಿಗೆ ನೀರು ತಿರುಗಿಸುವ ಯೋಜನೆಯಾಗಿ. ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲಿ, 2,000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಶಿರಸಿಯ ಸಭೆಗಳಲ್ಲಿ ನಲವತ್ತು ವರ್ಷದ ಹಿಂದಿನ ಪ್ರಶ್ನೆಗಳು ಮತ್ತೆ ಕೇಳಿಬರುತ್ತಿವೆ.

ಕುಮಟಾದ ಅಂಚಿನ ಗ್ರಾಮ ಅರಣ್ಯಗಳಿಗೂ ಅಂಥದೇ ಪರೀಕ್ಷೆ ಬಂದಿತ್ತು. ಸ್ವಾತಂತ್ರ್ಯದ ನಂತರ ಬಂದ ಹೊಸ ಅರಣ್ಯ ಕಾನೂನಿನಡಿ ಈ ಪಂಚಾಯತಿಗಳನ್ನು ಮುಚ್ಚುವ ಆದೇಶವಾಯಿತು. ಚಿತ್ರಗಿಯ ಕಾಡು ಉಳಿಯಲಿಲ್ಲ. ಹಳಕಾರದವರು ಕೋರ್ಟಿನ ಮೆಟ್ಟಿಲು ಹತ್ತಿದರು. ಪಟ್ಟಣ ಬೆಳೆದು ಊರಿನ ಬಾಗಿಲಿಗೆ ಬಂದಿದೆ. ಕಾಡು ಇನ್ನೂ ಅಲ್ಲೇ ಇದೆ, ಅದನ್ನು ನೋಡಿಕೊಳ್ಳುವ ಊರಿನ ಕಮಿಟಿಯೂ ಇದೆ.